ಮಾತ್ರೆಗೂ ಮೊದಲು ಬಾಗಿಲು ತಟ್ಟುವ ದೊಡ್ಡಹೆಜ್ಜೆ ಮೇಡಂ

ಬೀದಿದೀಪಗಳು ಇನ್ನೂ ಆರಿಲ್ಲ. ತಿರುವಿನಲ್ಲಿ ಹಾಲಿನ ವ್ಯಾನು ನಿಂತು ಕ್ರೇಟುಗಳನ್ನು ಇಳಿಸುತ್ತಿದೆ. ಎರಡನೇ ಮಹಡಿಯ ಮನೆಯೊಂದರ ಮಲಗುವ ಕೋಣೆಯಲ್ಲಿ ನಿವೃತ್ತ ಬಸ್ ಕಂಡಕ್ಟರೊಬ್ಬರು ಅಂಗಾತ ಮಲಗಿ ಸೀಲಿಂಗ್ ನೋಡುತ್ತಿದ್ದಾರೆ. ಎಚ್ಚರವಾಗಿ ಬಹಳ ಹೊತ್ತಾಗಿದೆ. ಪಕ್ಕಕ್ಕೆ ಹೊರಳಬೇಕು ಎಂದು ಮನಸ್ಸು ಹೇಳುತ್ತಿದೆ, ಮೈ ಮಾತು ಕೇಳುತ್ತಿಲ್ಲ. ತಲೆದೆಸೆಯ ಸ್ಟೂಲಿನ ಮೇಲೆ ನೀರಿನ ಲೋಟ, ಅದರ ಪಕ್ಕ ದಿನದ ಮೊದಲ ಮಾತ್ರೆ. ಮಾತ್ರೆಯ ಹೊತ್ತಿಗೆ ಇನ್ನೂ ಸ್ವಲ್ಪ ಸಮಯವಿದೆ. ಅದನ್ನು ನುಂಗಿ, ಅದು ಮೈಗೆ ಹತ್ತುವ ತನಕ ಅವರ ಪ್ರತಿ ಬೆಳಗೂ ಹೀಗೆಯೇ.

ಆ ಹೊತ್ತನ್ನು ಕಣ್ಣಾರೆ ನೋಡಲೆಂದೇ ಗಿಡ್ಡನೆಯ ಹೆಂಗಸೊಬ್ಬರು ಮಂಚದ ಪಕ್ಕ ನಿಂತಿದ್ದಾರೆ. ತಲೆಗೆ ಬಿಗಿಯಾಗಿ ಕಟ್ಟಿದ ಜಡೆ, ಕಾಲಿಗೆ ರಬ್ಬರ್ ಅಟ್ಟೆಯ ಶೂ, ಹೆಗಲಿಗೆ ಚೀಲ. ಚಪ್ಪಲಿ ಹಾಕಿಕೊಂಡು ಈ ಕೆಲಸ ಮಾಡಲಾಗುವುದಿಲ್ಲ ಎನ್ನುತ್ತಾರೆ.

"ಮೊದ್ಲು ಮಂಡಿ ಮಡಚಿ. ಎರಡೂ. ಹಾಂ. ಈಗ ಮುಖ ಕಿಟಕಿ ಕಡೆ. ಕೈ ಮೇಲೆತ್ತಿ ಕಿಟಕಿ ಕಡೆಗೇ ಬೀಸಿ. ದೊಡ್ಡದಾಗಿ ಬೀಸಿ ಸಾರ್, ಟಿಕೆಟ್ ಕೊಡೋ ಥರ ಅಲ್ಲ."

ಕಂಡಕ್ಟರು ಬೀಸುತ್ತಾರೆ. ಅರ್ಧ ಹೊರಳಿ ಮತ್ತೆ ಹಿಂದಕ್ಕೆ ಬೀಳುತ್ತಾರೆ. ಬಾಗಿಲಲ್ಲಿ ನಿಂತ ಹೆಂಡತಿಯ ಕೈ ತಾನಾಗಿಯೇ ಮುಂದೆ ಬರುತ್ತದೆ.

"ಎಳೀಲಾ ಮೇಡಂ?"

"ಬೇಡಮ್ಮ. ನೀವು ಕೈ ಕಟ್ಕೊಂಡು ನಿಂತ್ಕೊಳ್ಳಿ. ಅದು ಅವ್ರ ಮೈ."

ಎರಡನೇ ಸಲ ಅವರು ಪೂರ್ತಿ ಹೊರಳುತ್ತಾರೆ. ಸೊಂಟದ ಕೆಳಗೆ ಹಾಸಿರುವ ನುಣುಪು ಬಟ್ಟೆ ಅದಕ್ಕೆ ನೆರವಾಗುತ್ತದೆ. ಒರಟು ಹೊದಿಕೆಯ ಮೇಲೆ ಮೈ ಸಿಕ್ಕಿಕೊಳ್ಳುತ್ತದೆ, ನುಣುಪಾದುದರ ಮೇಲೆ ಜಾರುತ್ತದೆ. ಕಾಲುಗಳು ಮಂಚದಿಂದ ಇಳಿಯುತ್ತವೆ, ಮೊಣಕೈ ಹಾಸಿಗೆಯನ್ನು ಒತ್ತುತ್ತದೆ, ಕಂಡಕ್ಟರು ಎದ್ದು ಕೂರುತ್ತಾರೆ. ಕೂದಲು ಕೆದರಿದೆ. ಮುಖದಲ್ಲಿ ನಗುವಿಲ್ಲ. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳೂ ಬಿಗಿಯುವುದರಿಂದ ನಗು ಹೊರಗೆ ಬರಲು ತಡವಾಗುತ್ತದೆ. ಮಾತು ಬೇಗ ಬರುತ್ತದೆ: "ರೈಟ್, ಹೋಗೋಣ."

ಇವರು ಫಿಜಿಯೋಥೆರಪಿಸ್ಟ್. ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಹಾಜರಿಯಲ್ಲಿರುವ ಹೆಸರಿನಿಂದ ಅವರನ್ನು ಯಾರೂ ಕರೆಯುವುದಿಲ್ಲ. ಪಾರ್ಕಿನ್ಸನ್ ಕಾಯಿಲೆಯವರ ನಡುವೆ, ಅವರ ಮನೆಯವರ ನಡುವೆ, ಈಗೀಗ ಆಸ್ಪತ್ರೆಯ ಗೇಟಿನ ಕಾವಲುಗಾರನ ಬಾಯಲ್ಲೂ ಇವರು ದೊಡ್ಡಹೆಜ್ಜೆ ಮೇಡಂ. ನಿಂತರೆ ಬಹುತೇಕ ರೋಗಿಗಳ ಭುಜಕ್ಕೂ ಬಾರದ ಎತ್ತರ ಇವರದು. ದಿನವಿಡೀ ಬಾಯಲ್ಲಿ ಮಾತ್ರ ಒಂದೇ ಮಂತ್ರ: ದೊಡ್ಡ ಹೆಜ್ಜೆ, ದೊಡ್ಡ ಹೆಜ್ಜೆ, ಇನ್ನೂ ದೊಡ್ಡದು.

ಅದಕ್ಕೆ ಕಾರಣವಿದೆ. ಚಲನೆಗೆ ಬೇಕಾದ ಒಂದು ರಾಸಾಯನಿಕ ಮೆದುಳಿನಲ್ಲಿ ಕಡಿಮೆಯಾಗುತ್ತ ಹೋಗುವ ಕಾಯಿಲೆ ಇದು. ಜನ ಇದನ್ನು ಕೈ ನಡುಗುವ ಕಾಯಿಲೆ ಎಂದಷ್ಟೇ ತಿಳಿದಿದ್ದಾರೆ. ಮೇಡಂ ಅವರನ್ನು ಕೇಳಿದರೆ ಇದು ಎಲ್ಲವನ್ನೂ ಚಿಕ್ಕದು ಮಾಡುವ ಕಾಯಿಲೆ. ಹೆಜ್ಜೆ ಚಿಕ್ಕದಾಗುತ್ತದೆ, ಕೈಬೀಸು ಚಿಕ್ಕದಾಗುತ್ತದೆ, ಬರೆಯುವ ಅಕ್ಷರ ಚಿಕ್ಕದಾಗುತ್ತದೆ. "ಕಷ್ಟ ಏನು ಅಂದ್ರೆ, ಚಿಕ್ಕದಾಗಿದೆ ಅಂತ ಅವ್ರಿಗೇ ಗೊತ್ತಾಗಲ್ಲ. ತಾನು ಮಾಮೂಲಿ ಥರಾನೇ ನಡೀತಿದೀನಿ ಅಂದ್ಕೊಂಡಿರ್ತಾರೆ. ಅದಕ್ಕೇ ನಾನು ಅತಿ ಅನ್ನಿಸೋಷ್ಟು ದೊಡ್ಡದಾಗಿ ಮಾಡಿ ಅಂತೀನಿ. ಅವ್ರಿಗೆ ಅತಿ ಅನ್ನಿಸೋದು ನಮ್ಮ ಕಣ್ಣಿಗೆ ಸರಿಯಾಗಿರತ್ತೆ."

ದಿನದ ಕೆಲಸ ಹೀಗೆ ನಡೆಯುತ್ತದೆ. ಬೆಳಗಾಗುವ ಮುಂಚೆ ಒಂದೆರಡು ಮನೆ. ಹಾಸಿಗೆಯಿಂದ ಏಳುವುದು, ಬಚ್ಚಲಿಗೆ ಹೋಗುವುದು, ಬಾಗಿಲು ದಾಟುವುದು, ಇವೆಲ್ಲ ಎಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬುದು ಆಸ್ಪತ್ರೆಯಲ್ಲಿ ಕಾಣುವುದಿಲ್ಲ ಎಂಬುದು ಅವರ ಅನುಭವ. ರೋಗಿಗಳು ಮಾತ್ರೆ ನುಂಗಿ, ಮೈ ಸಡಿಲವಾದ ಮೇಲೆ ಆಸ್ಪತ್ರೆಗೆ ಬರುತ್ತಾರೆ. "ಅಲ್ಲಿ ಎಲ್ಲಾರೂ ಚೆನ್ನಾಗೇ ನಡೀತಾರೆ. ಬೀಳೋದು ಮನೇಲಿ." ನಂತರ ಆಸ್ಪತ್ರೆಯ ಡ್ಯೂಟಿ. ಮುರಿದ ಮೂಳೆ, ಹಿಡಿದ ಕುತ್ತಿಗೆ, ಪಾರ್ಶ್ವವಾಯು, ಎಲ್ಲವೂ ಬರುತ್ತವೆ. ವಾರದಲ್ಲಿ ಮೂರು ದಿನ ಸಂಜೆ ಪಾರ್ಕಿನ್ಸನ್ ಕಾಯಿಲೆಯವರ ತರಗತಿ.

ತರಗತಿ ನಡೆಯುವುದು ಆಸ್ಪತ್ರೆಯ ಹಿಂಭಾಗದಲ್ಲಿ, ಮೊದಲು ಬಟ್ಟೆ ಒಗೆಯುವ ಯಂತ್ರಗಳಿದ್ದ ಶೆಡ್ಡಿನಲ್ಲಿ. ಯಂತ್ರಗಳು ಬೇರೆ ಕಟ್ಟಡಕ್ಕೆ ಹೋಗಿವೆ. ಅವುಗಳ ಬೋಲ್ಟುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ ಮೇಲೆ ಸಿಮೆಂಟು ಬಳಿಯಲಾಗಿದೆ. ಮಳೆ ಬಂದರೆ ಈಗಲೂ ಗೋಡೆಯಿಂದ ಸೋಪಿನ ವಾಸನೆ ಬರುತ್ತದೆಯಂತೆ. ಕೈಯಿಲ್ಲದ ಗಟ್ಟಿ ಕುರ್ಚಿಗಳು, ನಿಂತಲ್ಲೇ ತುಳಿಯುವ ಎರಡು ಸೈಕಲ್ಲು, ಸೀಲಿಂಗಿನ ಕೊಂಡಿಯಿಂದ ಇಳಿಬಿದ್ದ ಗುದ್ದುಚೀಲ, ಒಂದು ಗೋಡೆಗೆ ಮಾತ್ರ ಹಿಡಿಕಂಬಿ.

ಇಲ್ಲಿ ಏನೇನು ನಡೆಯುತ್ತದೆ ಎಂದು ನೋಡುತ್ತ ಕೂತರೆ ಇದು ವ್ಯಾಯಾಮಶಾಲೆಯೋ ನಾಟಕದ ತಾಲೀಮೋ ಎಂದು ಅನುಮಾನ ಬರುತ್ತದೆ. ಬಾಗಿದ ಬೆನ್ನಿನವರು ಗೋಡೆಗೆ ಒರಗಿ ತಲೆಯ ಹಿಂಭಾಗವನ್ನು ಗೋಡೆಗೆ ಮುಟ್ಟಿಸಲು ಹೆಣಗುತ್ತಾರೆ. ಇನ್ನೊಂದು ಮೂಲೆಯಲ್ಲಿ ಮೇಡಂ ಜೊತೆಗಿನ ಇನ್ನೊಬ್ಬ ಥೆರಪಿಸ್ಟ್, ಎಲ್ಲರ ಬಾಯಲ್ಲಿ ಬಾಕ್ಸಿಂಗ್ ಮಾಸ್ಟರ್, ಗ್ಲೌಸು ತೊಡಿಸಿ ಚೀಲಕ್ಕೆ ಗುದ್ದಿಸುತ್ತಾರೆ. ಗುದ್ದುವಾಗ ಕಾಲು ಅಗಲವಾಗಿರಬೇಕು, ಮೈ ತಿರುಗಬೇಕು, ಕೈ ಪೂರ್ತಿ ಚಾಚಬೇಕು. ಈ ಕಾಯಿಲೆ ಕಸಿದುಕೊಳ್ಳುವುದು ಇವನ್ನೇ. ಕೆಲವರು ಫೋನಿನ ಟಿಕ್‌ ಟಿಕ್ ಸದ್ದಿಗೆ ಹೆಜ್ಜೆ ಹಾಕುತ್ತಾರೆ. ಕೆಲವರಿಗೆ ಹಾಡು ಹಚ್ಚಿ ಕುಣಿಸುತ್ತಾರೆ. ಕಂಡಕ್ಟರು ತಮ್ಮ ಮದುವೆಯ ದಿನವೂ ಕುಣಿದವರಲ್ಲ. "ಈಗ ಸರ್ಕಾರಿ ಖರ್ಚಲ್ಲಿ ಕುಣೀತಿದೀನಿ" ಎನ್ನುತ್ತಾರೆ.

ನಡೆಯುತ್ತಿದ್ದವರು ಹಿಂದಕ್ಕೆ ತಿರುಗುವುದು ಇಲ್ಲಿ ದೊಡ್ಡ ಪಾಠ. ನಿಂತಲ್ಲೇ ತಿರುಗಲು ಹೋದರೆ ಕಾಲಿಗೆ ಕಾಲು ತೊಡರುತ್ತದೆ. "ಸ್ಕೂಟರ್ ಥರ ತಿರುಗ್ಬೇಡಿ. ಬಸ್ ಥರ ತಿರುಗಿ. ಅಗಲಕ್ಕೆ ತಗೊಳ್ಳಿ" ಎಂದು ಮೇಡಂ ಕೂಗಿದರೆ, ಕಂಡಕ್ಟರು ಬಾಯಲ್ಲಿ ಸೀಟಿ ಊದಿಕೊಂಡೇ ತಿರುಗುತ್ತಾರೆ. ಬಿದ್ದ ಮೇಲೆ ಏಳುವುದನ್ನೂ ಕಲಿಸುತ್ತಾರೆ. ಮೊದಲು ಪೆಟ್ಟಾಗಿದೆಯೇ ನೋಡಿಕೊಳ್ಳುವುದು, ಪಕ್ಕಕ್ಕೆ ಹೊರಳುವುದು, ಅಂಬೆಗಾಲಲ್ಲಿ ಹತ್ತಿರದ ಕುರ್ಚಿ ತಲುಪುವುದು, ಅದನ್ನು ಹಿಡಿದು ಒಂದು ಕಾಲು ಊರಿ ಏಳುವುದು. ಇದೆಲ್ಲ ಎಲ್ಲರಿಗೂ ಅಲ್ಲ. ಎದ್ದು ನಿಂತ ಕೂಡಲೇ ರಕ್ತದೊತ್ತಡ ಇಳಿಯುವವರಿದ್ದಾರೆ, ಹೃದಯದ ತೊಂದರೆ ಇರುವವರಿದ್ದಾರೆ. ಡಾಕ್ಟರ ಮಾತು ಕೇಳಿ, ಒಬ್ಬೊಬ್ಬರನ್ನೂ ಪರೀಕ್ಷಿಸಿಯೇ ಯಾರಿಗೆ ಏನು ಎಂದು ತೀರ್ಮಾನವಾಗುತ್ತದೆ. ಇಲ್ಲಿಗೆ ಬಂದವರು ಯಾರೂ ಮಾತ್ರೆ ಬಿಡುವಂತಿಲ್ಲ.

"ಕಾಯಿಲೆ ಹೋಗಲ್ಲ. ನಂಗೂ ಗೊತ್ತು, ಅವ್ರಿಗೂ ಗೊತ್ತು" ಎನ್ನುತ್ತಾರೆ ಮೇಡಂ. "ಆದ್ರೆ ಕಾಯಿಲೆ ಇದೆ ಅಂತ ಕುರ್ಚೀಲಿ ಕೂತ್ಬಿಟ್ರೆ, ಕಾಯಿಲೆ ಜೊತೆ ಕುರ್ಚೀನೂ ಅಂಟ್ಕೊಳ್ಳತ್ತೆ. ನನ್ನ ಕೆಲಸ ಕುರ್ಚಿ ಬಿಡಿಸೋದು ಅಷ್ಟೆ."

ಅವರು ಹುಟ್ಟಿದ್ದು ಗೋದಾಮಿನ ಕಾವಲುಗಾರರ ಮನೆಯಲ್ಲಿ. ಮೂವರು ಅಕ್ಕತಂಗಿಯರಲ್ಲಿ ನಡುವಿನವರು. ನರ್ಸಿಂಗ್ ಓದಲು ಅರ್ಜಿ ಹಾಕಿ ಸೀಟು ಸಿಗದೆ ಫಿಜಿಯೋಥೆರಪಿಗೆ ಸೇರಿದವರು. ಆಗ ಅವರ ತಾಯಿಗೆ ಅದೇನೆಂದು ಅರ್ಥವಾಗಿರಲಿಲ್ಲ. "ನನ್ನ ಮಗಳು ದೊಡ್ಡಾಸ್ಪತ್ರೆಯಲ್ಲಿ ಕಾಲೊತ್ತುತ್ತಾಳೆ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ರು." ಮೊದಲ ಹತ್ತು ವರ್ಷ ಮೂಳೆ ವಿಭಾಗದಲ್ಲೇ ಕಳೆದರು. ನರರೋಗ ವಿಭಾಗಕ್ಕೆ ಹೊಸದಾಗಿ ಬಂದ ವೈದ್ಯೆಯೊಬ್ಬರು, ಸೊಂಟ ಮುರಿದುಕೊಂಡು ಬರುವ ಎಷ್ಟೋ ಮಂದಿಗೆ ಮೊದಲೇ ಪಾರ್ಕಿನ್ಸನ್ ಇತ್ತು ಎಂದು ತೋರಿಸಿಕೊಟ್ಟ ಮೇಲೆ ಇತ್ತ ತಿರುಗಿದರು. "ಮುರಿದ ಮೇಲೆ ಕೂಡಿಸೋದಕ್ಕಿಂತ ಬೀಳದ ಹಾಗೆ ನೋಡ್ಕೊಳ್ಳೋದು ವಾಸಿ ಅನ್ನಿಸ್ತು."

ಕಷ್ಟಗಳನ್ನು ಕೇಳಿದರೆ ಬೆರಳೆಣಿಸಿ ಹೇಳುವವರಲ್ಲ. ಎತ್ತರದ ರೋಗಿಯೊಬ್ಬರು ವಾಲಿದಾಗ ಹಿಡಿಯಲು ಹೋಗಿ ಒಮ್ಮೆ ತಾವೇ ಕೆಳಗೆ ಬಿದ್ದು ಭುಜ ಉಳುಕಿಸಿಕೊಂಡಿದ್ದಾರೆ. ಮುಂಗೋಪದವರಿಂದ ಬೈಸಿಕೊಂಡಿದ್ದಾರೆ. ಅದಕ್ಕಿಂತ ಕಷ್ಟದ್ದು ಮನೆಯವರ ಪ್ರೀತಿ ಎನ್ನುತ್ತಾರೆ. ಅನ್ನ ಕಲೆಸಿಕೊಡುವುದು, ಗುಂಡಿ ಹಾಕಿಕೊಡುವುದು, ಬಾಗಿಲಲ್ಲಿ ಕಾಲು ಅಂಟಿಕೊಂಡು ನಿಂತಾಗ ರಟ್ಟೆ ಹಿಡಿದು ಎಳೆಯುವುದು. ಎಳೆದರೆ ಮೈ ಮುಂದೆ ಹೋಗುತ್ತದೆ, ಕಾಲು ಹಿಂದೆಯೇ ಉಳಿಯುತ್ತದೆ. ಕಂಡಕ್ಟರು ಹಿಂದೊಮ್ಮೆ ಅಡುಗೆಮನೆಯ ಬಾಗಿಲಲ್ಲಿ ಬಿದ್ದದ್ದು ಹಾಗೆಯೇ. ಆ ಪೆಟ್ಟಿನ ನಂತರ ಅವರ ಹೆಂಡತಿ ತಿಂಗಳುಗಟ್ಟಲೆ ಅವರನ್ನು ಸೋಫಾ ಬಿಟ್ಟು ಏಳಲು ಬಿಟ್ಟಿರಲಿಲ್ಲ. "ನಿಮಗೇನು ಮೇಡಂ, ಹೇಳಿ ಹೋಗ್ತೀರ. ಬಿದ್ರೆ ಎತ್ತೋಳು ನಾನು" ಎಂದು ಮುಖಕ್ಕೇ ಅಂದಿದ್ದರು. ಮೇಡಂ ಆಗ ಅವರಿಗೆ ಒಂದೇ ಮಾತು ಕಲಿಸಿದ್ದರು: ಅಂಟಿಕೊಂಡರೆ ನಿಲ್ಲಿ, ಉಸಿರು ಬಿಡಿ, ಮೈಭಾರ ಒಂದು ಕಾಲಿಗೆ ವಾಲಿಸಿ, ಆಮೇಲೆ ಇನ್ನೊಂದು ಕಾಲಿನಿಂದ ದೊಡ್ಡ ಹೆಜ್ಜೆ. ಎಳೆಯಬೇಡಿ.

ಈ ಪಾಠ ಒಂದು ದಿನ ತಮ್ಮ ಮನೆಯ ಬಾಗಿಲಿಗೇ ಬರುತ್ತದೆಂದು ಅವರಿಗೆ ತಿಳಿದಿರಲಿಲ್ಲ.

ಮೇಡಂ ಅವರ ಗಂಡ ಬೋರ್ಡ್ ಬರೆಯುವ ಪೇಂಟರ್. ಇಬ್ಬರಿಗೂ ಪರಿಚಯವಾದದ್ದೇ ಒಂದು ಬೋರ್ಡಿನಿಂದ. ಆಸ್ಪತ್ರೆಯ ಬಾಗಿಲ ಮೇಲೆ 'ಭೌತಚಿಕಿತ್ಸಾ ವಿಭಾಗ' ಎಂದು ಬರೆಯಲು ಬಂದವರು ಮೊದಲ ಅಕ್ಷರದ ಕಾಲುಗೆರೆ ಮರೆತು 'ಬೌತ' ಮಾಡಿ ಏಣಿ ಇಳಿದಿದ್ದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಇವರು "ನಿಮ್ಮ ಬಕಾರಕ್ಕೆ ಉಸಿರೇ ಇಲ್ವಲ್ಲ" ಎಂದರು. ಅವರು ಮತ್ತೆ ಏಣಿ ಹತ್ತಿ ಗೆರೆ ಎಳೆದರು. ಕಾಲುಗೆರೆ ಕೊಟ್ಟು ಕಾಲು ಕಟ್ಟಿಸಿಕೊಂಡೆ ಎಂದು ಪೇಂಟರು ಈಗಲೂ ತಮಾಷೆ ಮಾಡುತ್ತಾರೆ. ಯಂತ್ರದಲ್ಲಿ ಮುದ್ರಿಸಿದ ಪ್ಲಾಸ್ಟಿಕ್ ಬೋರ್ಡುಗಳು ಬಂದ ಮೇಲೂ ಅಂಗಡಿಗಳ ಶಟರು, ಗೋದಾಮುಗಳ ಗೋಡೆ, ಶಾಲೆಗಳ ಕಾಂಪೌಂಡು ಅವರ ಕೈಯಲ್ಲೇ ಉಳಿದಿದ್ದವು. ಅಳತೆಯ ಗೆರೆ ಹಾಕಿಕೊಳ್ಳದೆ ಬರಿಗಣ್ಣಲ್ಲೇ ಉದ್ದದ ಸಾಲು ಬರೆಯುತ್ತಾರೆ ಎಂಬುದು ಅವರ ಕಸುಬಿನವರ ನಡುವೆ ಅವರಿಗಿದ್ದ ಹೆಸರು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೇಡಂ ಬಸ್ಸಿನಲ್ಲಿ ಬರುತ್ತಿದ್ದಾಗ ಕಿಟಕಿಯಾಚೆ ಒಂದು ಹಾರ್ಡ್‌ವೇರ್ ಅಂಗಡಿಯ ಹೊಸ ಬೋರ್ಡು ಕಂಡಿತು. ಗಂಡ ಹಿಂದಿನ ವಾರ ಬರೆದದ್ದು. ಮೊದಲ ಅಕ್ಷರಗಳು ಅವರದೇ, ದುಂಡಗೆ, ತುಂಬಿಕೊಂಡು. ನಡುವಿನಿಂದಾಚೆಗೆ ಅಕ್ಷರ ಕುಗ್ಗುತ್ತ ಹೋಗಿತ್ತು. ಕೊನೆಯವು ಬೋರ್ಡಿನ ಮೂಲೆಯಲ್ಲಿ ಮುದುಡಿಕೊಂಡಿದ್ದವು.

"ಮುಂದಿನ ಸ್ಟಾಪಲ್ಲಿ ಇಳಿದು ವಾಪಸ್ ನಡ್ಕೊಂಡು ಬಂದೆ. ಅಂಗಡಿ ಎದುರು ನಿಂತ್ಕೊಂಡೆ. ಅಂಗಡಿಯವ್ರು, ಏನಮ್ಮ ಬೇಕು ಅಂದ್ರು. ಏನೂ ಬೇಡ ಅಂದೆ. ಮೊಳೆ ಕೊಡ್ಲಾ ಅಂದ್ರು. ಹೂಂ ಅಂದೆ. ಯಾಕೆ ಬೇಕಿತ್ತೋ ಮೊಳೆ, ತಗೊಂಡು ಬಂದೆ."

ಮನೆಯಲ್ಲಿ ನೋಡುತ್ತ ಹೋದರು. ಗಂಡ ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ಟರ್ಪೆಂಟೈನ್ ಡಬ್ಬಿ ಮುಚ್ಚಳ ತೆಗೆದಿದ್ದರೂ ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಷರ್ಟಿನ ತೋಳು ಹುಡುಕಲು ಹೊತ್ತು ಹಿಡಿಯುತ್ತಿತ್ತು. ಕೈ ಇನ್ನೂ ನಡುಗುತ್ತಿರಲಿಲ್ಲ. ಬೇರೆ ಹೆಂಗಸಾಗಿದ್ದರೆ ವಯಸ್ಸಾಯಿತು ಎಂದುಕೊಂಡು ಸುಮ್ಮನಿರುತ್ತಿದ್ದರು. ಇವರಿಗೆ ಸುಮ್ಮನಿರಲಾಗಲಿಲ್ಲ. ಒಂದು ಸಂಜೆ ಎದುರು ಕೂತು ಹೇಳಿಯೇಬಿಟ್ಟರು.

ಪೇಂಟರು ಸಿಟ್ಟಾದರು. "ಕಂಡೋರಲ್ಲೆಲ್ಲ ಅದನ್ನೇ ಹುಡುಕೋ ಚಾಳಿ ನಿಂಗೆ. ಗಂಡನ್ನೂ ಪೇಷೆಂಟ್ ಮಾಡ್ಕೊಂಡ್ಯಾ?" ಎಂದರು. ನರರೋಗದ ವೈದ್ಯೆಯ ಬಳಿ ಹೋಗಲು ತಿಂಗಳಾಯಿತು. ಹೋದ ಮೇಲೆ ಗೊತ್ತಾದದ್ದು ಹೆಂಡತಿ ಹೇಳಿದ್ದೇ. ಮಾತ್ರೆ ಶುರುವಾಯಿತು. ಅವತ್ತೇ ಅವರು ಬ್ರಷ್ಷುಗಳನ್ನೆಲ್ಲ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಒಪ್ಪಿಕೊಂಡಿದ್ದ ಎರಡು ಶಟರುಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟರು.

ಈ ಮನೆಯಲ್ಲಿ ನಂತರ ನಡೆದದ್ದನ್ನು ಮೇಡಂ ನೇರವಾಗಿಯೇ ಹೇಳುತ್ತಾರೆ. ಊರಿನವರಿಗೆಲ್ಲ ವ್ಯಾಯಾಮ ಹೇಳಿಕೊಡುವ ಹೆಂಡತಿಯಿಂದ ವ್ಯಾಯಾಮ ಹೇಳಿಸಿಕೊಳ್ಳಲು ಪೇಂಟರು ಒಪ್ಪಲಿಲ್ಲ. ತೋಳು ಎತ್ತಿ ಎಂದರೆ ಪೇಪರು ಎತ್ತಿಕೊಳ್ಳುತ್ತಿದ್ದರು. ಶೆಡ್ಡಿಗೆ ಬನ್ನಿ ಎಂದರೆ "ಅಲ್ಲಿ ನಿನ್ನ ಗಂಡ ಅಂತ ಎಲ್ಲರೂ ನೋಡ್ತಾರೆ" ಎನ್ನುತ್ತಿದ್ದರು. ಹಗಲೆಲ್ಲ ಕಿಟಕಿಯ ಪಕ್ಕದ ಕುರ್ಚಿ. ಕಾಯಿಲೆಯಿಂದಲೂ ಉತ್ಸಾಹ ಕುಂದುತ್ತದೆ, ಕಸುಬು ಬಿಟ್ಟ ದುಃಖದಿಂದಲೂ ಕುಂದುತ್ತದೆ, ಯಾವುದು ಎಷ್ಟು ಎಂದು ಬೇರೆ ಮಾಡಿ ಹೇಳಲು ಅವರಿಗಾಗಲಿಲ್ಲ. ಮೇಡಂ ಕೂಡ ಬದಲಾದರು. ಬೆಳಿಗ್ಗೆ ಕೆಲಸಕ್ಕೆ ತಡವಾಗುತ್ತದೆಂದು ಗಂಡನಿಗೆ ತಾವೇ ಷರ್ಟು ತೊಡಿಸತೊಡಗಿದರು. ತಟ್ಟೆ ಕೈಗೆ ಕೊಟ್ಟು, ನೀರು ಬಾಯಿಗೆ ಹಿಡಿದು, ಚಪ್ಪಲಿ ಕಾಲ ಬಳಿ ಇಟ್ಟು ಓಡತೊಡಗಿದರು.

ಹೀಗೇ ಒಂದು ಭಾನುವಾರ ಬೆಳಿಗ್ಗೆ ಕಂಡಕ್ಟರ ಹೆಂಡತಿ, ಎರವಲು ಒಯ್ದಿದ್ದ ಊರುಗೋಲನ್ನು ವಾಪಸು ಕೊಡಲು ಇವರ ಮನೆಗೆ ಬಂದರು. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಪೇಂಟರು ಮಗುವಿನ ಹಾಗೆ ಕೈ ಇಳಿಬಿಟ್ಟು ನಿಂತಿದ್ದರು. ದೊಡ್ಡಹೆಜ್ಜೆ ಮೇಡಂ ಬಗ್ಗಿ ಅವರ ಷರ್ಟಿನ ಗುಂಡಿ ಹಾಕುತ್ತಿದ್ದರು.

ಬಂದವರು ಹೊಸ್ತಿಲಲ್ಲೇ ನಿಂತರು. "ಓಹೋ! ನಮಗೆ ಹೇಳೋದೊಂದು, ಮನೇಲಿ ಮಾಡೋದೊಂದಾ? ನನ್ನ ಕೈ ಕಟ್ಟಿ ನಿಲ್ಲಿಸಿದ್ರಲ್ಲ, ಈಗ ನಿಮ್ಮ ಕೈ ಯಾರು ಕಟ್ಟೋದು ಮೇಡಂ?"

ಮೇಡಂ ಗುಂಡಿಯಿಂದ ಕೈ ತೆಗೆದರು. "ಅವ್ರಿಗೆ ಹೊತ್ತಾಗತ್ತೆ" ಎಂದರು.

"ನಮ್ಮವ್ರಿಗೂ ಹೊತ್ತಾಗ್ತಿತ್ತು. ಹೊತ್ತಾಗ್ಲಿ ಬಿಡಿ ಅಂದಿದ್ದು ಯಾರು?"

ಅರ್ಧ ಗುಂಡಿ ಹಾಕಿಸಿಕೊಂಡು ನಿಂತಿದ್ದ ಪೇಂಟರು, ಎಷ್ಟೋ ದಿನಗಳ ಮೇಲೆ ಮೊದಲ ಸಲ, ನಕ್ಕರು. ಉಳಿದ ಗುಂಡಿಗಳನ್ನು ತಾವೇ ಹಾಕಿಕೊಂಡರು. ಬಹಳ ಹೊತ್ತು ಹಿಡಿಯಿತು. ಇಬ್ಬರು ಹೆಂಗಸರೂ ಗೋಡೆಯ ಕಡೆ ಮುಖ ಮಾಡಿ ಆಸ್ಪತ್ರೆಯ ಸುದ್ದಿ ಮಾತಾಡುತ್ತ ಕಾದರು.

ಮುಂದಿನದು ಕಂಡಕ್ಟರ ಕೆಲಸ. ಹೆಂಡತಿಯ ಬಾಯಿಂದ ವಿಷಯ ತಿಳಿದ ಅವರು ಮರುದಿನವೇ ಪೇಂಟರ ಮನೆಗೆ ಬಂದು ಕೂತರು. ಕಾಯಿಲೆಯ ಮಾತೇ ಎತ್ತಲಿಲ್ಲ. "ಮೇಡಂ ನನಗೆ ತಂಗಿ ಇದ್ದ ಹಾಗೆ. ಅಂದ್ಮೇಲೆ ನೀವು ಭಾವ. ಭಾವನ ಹತ್ರ ಒಂದು ಕೆಲಸ ಇದೆ" ಎಂದರು.

ಕೆಲಸ ಇದು. ಕಾಲು ಅಂಟಿಕೊಳ್ಳುವವರಿಗೆ ನೆಲದ ಮೇಲೆ ಅಡ್ಡಗೆರೆಗಳಿದ್ದರೆ ನೆರವಾಗುತ್ತದೆ. ತಾನಾಗಿ ಏಳದ ಹೆಜ್ಜೆ, ಎದುರಿಗೆ ದಾಟಲೊಂದು ಗೆರೆ ಕಂಡರೆ ಏಳುತ್ತದೆ. ಶೆಡ್ಡಿನಲ್ಲಿ ಅದಕ್ಕಾಗಿ ಅಂಟುಪಟ್ಟಿ ಹಚ್ಚಿದ್ದರು. ಅದು ಎಲ್ಲೆಲ್ಲೋ ಕಿತ್ತು ಬಂದು, ಅದಕ್ಕೇ ಜನ ಎಡವುವಂತಾಗಿತ್ತು. "ಬಣ್ಣದಲ್ಲಿ ಬರೆದುಕೊಡಿ ಭಾವ. ನಿಮ್ಮ ಹೆಂಡ್ತಿ ಪಟ್ಟಿ ಅಂಟಿಸಿರೋದು ನೋಡಿದ್ರೆ ನಿಮಗೆ ಊಟ ಸೇರಲ್ಲ. ಒಂದೂ ನೆಟ್ಟಗಿಲ್ಲ."

ಪೇಂಟರು ಎರಡು ದಿನ ಆಗುವುದಿಲ್ಲ ಎಂದರು. ಮೂರನೇ ದಿನ ನೋಡಿಯಾದರೂ ಬರುತ್ತೇನೆಂದು ಹೋದರು. ಪಟ್ಟಿಗಳನ್ನು ಕಂಡು "ಥೂ, ಏನಿದು" ಎಂದರಂತೆ. ಅಟ್ಟದಿಂದ ಬ್ರಷ್ಷು ಇಳಿಯಿತು.

ಅವರು ಬಣ್ಣ ಹಾಕಿದ ದಿನ ಮೇಡಂ ಶೆಡ್ಡಿನೊಳಗೆ ಹೋಗಲಿಲ್ಲ. ಬಾಕ್ಸಿಂಗ್ ಮಾಸ್ಟರ್ ಇದ್ದರು, ಅವರಿಗೂ ದೂರ ನಿಲ್ಲಿ ಎಂದು ಮೇಡಂ ಹೇಳಿದ್ದರು. ಪೇಂಟರು ನೆಲ ಒರೆಸಿದರು, ಸೀಮೆಸುಣ್ಣ ಸವರಿದ ದಾರ ಎಳೆದು ಗುರುತು ಹಾಕಿದರು, ಮಂಡಿಯೂರಿ ತೋಳು ಉದ್ದಕ್ಕೂ ಚಾಚಿ ಅಗಲದ ಬ್ರಷ್ಷಿನಿಂದ ಹಳದಿ ಗೆರೆ ಎಳೆದರು. ಒಂದು ಗೆರೆಗೆ ಕೂರಬೇಕು, ಏಳಬೇಕು, ಹಿಂದೆ ಸರಿದು ನೋಡಬೇಕು, ಮತ್ತೆ ಕೂರಬೇಕು. ಹೆಂಡತಿ ಮನೆಯಲ್ಲಿ ಬೇಡಿಕೊಂಡರೂ ಮಾಡದಿದ್ದ ವ್ಯಾಯಾಮವನ್ನೆಲ್ಲ ಅವರು ಆ ಮಧ್ಯಾಹ್ನ ಮಾಡಿದರು. ಕೈ ನಿಂತಾಗ ನಡುಗುತ್ತಿತ್ತು, ಎಳೆಯುವಾಗ ನಡುಗುತ್ತಿರಲಿಲ್ಲ. ಒಂದೆರಡು ಕಡೆ ಬಣ್ಣ ಗೆರೆ ದಾಟಿತು. ಅವನ್ನು ಒರೆಸಿ ಮತ್ತೆ ಬರೆದರು.

ಬಣ್ಣ ಒಣಗಿದ ಮೇಲೆ ಸಂಜೆ ತರಗತಿಗೆ ಬಂದವರು ದಾಟತೊಡಗಿದರು. ಬಾಗಿಲಲ್ಲೇ ಅಂಟಿಕೊಂಡು ನಿಲ್ಲುತ್ತಿದ್ದ ವಯಸ್ಸಾದ ಟೀಚರೊಬ್ಬರು ಮೊದಲ ಗೆರೆ ದಾಟಿದರು, ಎರಡನೆಯದು ದಾಟಿದರು, ಆಚೆ ಗೋಡೆಯ ತನಕ ಹೋದರು. ಪೇಂಟರು ಡಬ್ಬಿಯ ಮೇಲೆ ಕೂತು ಅವರ ಪಾದಗಳನ್ನೇ ನೋಡುತ್ತಿದ್ದರು. "ಗೆರೆ ಸ್ವಲ್ಪ ಹತ್ತಿರವಾಯ್ತು. ಅವ್ರ ಹೆಜ್ಜೆ ಇನ್ನೂ ದೊಡ್ಡದು ಬರತ್ತೆ" ಎಂದರು. ಎಷ್ಟು ದೂರವಿರಬೇಕೆಂದು ನೋಡಲು ಎದ್ದು ತಾವೇ ನಡೆದರು. ಹೋಗಿ ಬಂದರು. ಮತ್ತೆ ಹೋದರು. ಬಾಕ್ಸಿಂಗ್ ಮಾಸ್ಟರ್ ಪಕ್ಕದಲ್ಲಿ ನಡೆಯುತ್ತ, "ಬಲಗೈ ಬೀಸಿ ಸಾರ್" ಎಂದಷ್ಟೇ ಹೇಳಿದರು. ಪೇಂಟರು ಬೀಸಿದರು. ಅಂದಿನಿಂದ ಅವರು ಬಾಕ್ಸಿಂಗ್ ಮಾಸ್ಟರ ಪೇಷೆಂಟ್, ಹೆಂಡತಿಯದಲ್ಲ. ಇದು ಮನೆಯಲ್ಲಿ ಆದ ಒಪ್ಪಂದ.

ಇದನ್ನು ಪವಾಡವೆಂದು ಯಾರೂ ಹೇಳುತ್ತಿಲ್ಲ. ಕಾಯಿಲೆ ಇದೆ, ನಡುಕ ಈಗ ಹೆಚ್ಚಿದೆ, ಮಾತ್ರೆ ಒಮ್ಮೆ ಹೆಚ್ಚಿಸಿದ್ದಾರೆ. ಕೆಲವು ದಿನ ಪೇಂಟರು ಏಳುವುದಿಲ್ಲ. ಏಣಿ ಹತ್ತುವುದನ್ನು ಅವರು ತಾವಾಗಿಯೇ ಬಿಟ್ಟಿದ್ದಾರೆ. ಎಟುಕುವ ಎತ್ತರದ ಗೋಡೆ ಸಿಕ್ಕರೆ ಬರೆಯುತ್ತಾರೆ. ಬರಿಗಣ್ಣಿನ ಹೆಮ್ಮೆ ಬಿಟ್ಟು ಈಗ ಮೇಲೊಂದು ಕೆಳಗೊಂದು ದಾರ ಎಳೆದುಕೊಳ್ಳುತ್ತಾರೆ. ಪ್ರತಿ ಅಕ್ಷರ ಎರಡೂ ದಾರ ಮುಟ್ಟಬೇಕು ಎಂಬುದು ಬಾಕ್ಸಿಂಗ್ ಮಾಸ್ಟರ ಕಟ್ಟಳೆ. ಒಂದು ಶಾಲೆಯ ಕಾಂಪೌಂಡಿನ ಮೇಲೆ ಅವರು ಹೀಗೆ ಬರೆದ ಸಾಲನ್ನು ನಾನು ಹೋಗಿ ನೋಡಿದೆ. ಅಕ್ಷರಗಳ ಅಂಚು ಅಲ್ಲಲ್ಲಿ ಅಲುಗಿದೆ. ಎತ್ತರ ಮೊದಲಿನಿಂದ ಕೊನೆಯ ತನಕ ಒಂದೇ ಇದೆ.

ಮೇಡಂ ಅವರ ಆಸೆ ಏನೆಂದು ಕೇಳುತ್ತೇನೆ. ಶೆಡ್ಡಿನ ಇನ್ನೊಂದು ಗೋಡೆಗೂ ಹಿಡಿಕಂಬಿ ಬೇಕು ಎನ್ನುತ್ತಾರೆ. ಕಾಯಿಲೆ ಪತ್ತೆಯಾದ ದಿನವೇ ಡಾಕ್ಟರುಗಳು ಇತ್ತ ಕಳಿಸಬೇಕು ಎನ್ನುತ್ತಾರೆ. "ಬಿದ್ದ ಮೇಲೆ ಕಳಿಸ್ತಾರೆ. ಮೊದ್ಲೇ ಬಂದ್ರೆ ಮಾಡೋಕೆ ಎಷ್ಟೋ ಇರತ್ತೆ. ಕೈ ಬೀಸೋದು ನಿಂತಾಗ್ಲೇ ಬನ್ನಿ ಅಂತ ಬರೀರಿ." ಬರೆದಿದ್ದೇನೆ.

ಸ್ವಂತಕ್ಕೆ ಏನೂ ಇಲ್ಲವೇ ಎಂದರೆ ಗಂಡನ ದನಿಯ ಮಾತು ತೆಗೆಯುತ್ತಾರೆ. ಅದೂ ಕುಗ್ಗಿತ್ತು. ಮೇಡಂ ಅಡುಗೆಮನೆಯಲ್ಲಿದ್ದರೆ ಅವರು ನಡುಮನೆಯಿಂದ ಕರೆದದ್ದು ಕೇಳಿಸುತ್ತಿರಲಿಲ್ಲ. ಮಾತು ಶುರುವಾಗುವಾಗ ಇದ್ದ ದನಿ ವಾಕ್ಯ ಮುಗಿಯುವಷ್ಟರಲ್ಲಿ ಗಾಳಿಯಾಗಿಬಿಡುತ್ತಿತ್ತು. ಮಾತಿನ ಚಿಕಿತ್ಸೆಯವರ ಬಳಿ ಪೇಂಟರು ಹೋಗುತ್ತಿರುವುದು ಈ ವರ್ಷದಿಂದ. ಉಸಿರು ತುಂಬಿಕೊಂಡು ಆ ಎಂದು ಉದ್ದಕ್ಕೆ ಎಳೆಯುವುದು, ಪೇಪರನ್ನು ಕೂಗಿ ಓದುವುದು. ಮನೆಯಲ್ಲಿ ಅಭ್ಯಾಸ ಮಾಡಿ ಎಂದರೆ ನಾಚುತ್ತಾರೆ.

"ಮೊನ್ನೆ ನಮ್ಮಿಬ್ಬರಿಗೂ ಜಗಳ ಆಯ್ತು" ಎಂದು ಮೇಡಂ ಹೇಳುತ್ತಾರೆ. "ಯಾತಕ್ಕೋ, ಈಗ ನೆನಪಿಲ್ಲ. ಬೆಳಿಗ್ಗೆ ಪಕ್ಕದ ಮನೆಯವ್ರು ಸಿಕ್ಕಿದ್ರು. ಸಂಕೋಚದಲ್ಲೇ ಕೇಳಿದ್ರು, 'ಏನ್ರೀ, ನಿನ್ನೆ ನಿಮ್ಮ ಯಜಮಾನ್ರು ಬೇಜಾರಾಗಿದ್ರಾ? ನಮ್ಮ ಅಡುಗೆಮನೆ ತನಕ ಕೇಳಿಸ್ತು' ಅಂತ. ನಾನು ಅವ್ರ ಕೈ ಹಿಡ್ಕೊಂಡುಬಿಟ್ಟೆ. ಕೇಳಿಸ್ತಾ? ಪೂರ್ತಿ ಕೇಳಿಸ್ತಾ? ಕೊನೇ ಮಾತೂ ಕೇಳಿಸ್ತಾ ಅಂದೆ."

ಪಕ್ಕದ ಮನೆಯವರು ಏನೆಂದರು?

"'ಕೊನೇದೇ ಜೋರಾಗಿ ಕೇಳಿಸಿದ್ದು' ಅಂದ್ರು."